ಪ್ರನಾಳ ಯಾರ ಕೈಯಲ್ಲಿ?

ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದ ‘ಜೀವಕ್ರಿಯೆಗಳು’ ಪಾಠದಲ್ಲಿ ಎಲೆಯ ಪ್ರಯೋಗವೊಂದಿದೆ. ಹಸಿರು–ಬಿಳಿ ಬೆರೆತ ಎಲೆಯ ಮನಿ ಪ್ಲಾಂಟನ್ನೋ ಕ್ರೋಟನ್ ಗಿಡವನ್ನೋ ಮೂರು ದಿನ ಕತ್ತಲೆ ಕೋಣೆಯಲ್ಲಿಡಬೇಕು. ಎಲೆಯಲ್ಲಿದ್ದ ಪಿಷ್ಟವೆಲ್ಲ ಖರ್ಚಾಗಲಿ ಎಂದು. ಆಮೇಲೆ ಆರು ಗಂಟೆ ಬಿಸಿಲು. ಒಂದು ಎಲೆ ಕಿತ್ತು, ಹಸಿರು ಎಲ್ಲೆಲ್ಲಿದೆ ಎಂದು ಹಾಳೆಯ ಮೇಲೆ ಗುರುತು ಹಾಕಿಕೊಂಡು, ಕುದಿಯುವ ನೀರಿಗೆ ಹಾಕಿ ತೆಗೆಯಬೇಕು. ಬಳಿಕ ಆಲ್ಕೋಹಾಲಿನ ಬೀಕರಿನಲ್ಲಿ ಮುಳುಗಿಸಿ, ಆ ಬೀಕರನ್ನು ಬಿಸಿನೀರಿನ ಪಾತ್ರೆಯೊಳಗೆ ಕೂರಿಸಿ ಕಾಯಿಸಬೇಕು. ನೇರ ಉರಿಗೆ ಹಿಡಿದರೆ ಆಲ್ಕೋಹಾಲು ಹೊತ್ತಿಕೊಳ್ಳುವ ಅಪಾಯವಿದೆ. ಎಲೆ ಬಿಳಿಚಿಕೊಳ್ಳುತ್ತದೆ, ದ್ರವ ಹಸಿರಾಗುತ್ತದೆ. ತೊಳೆದ ಎಲೆಯ ಮೇಲೆ ಅಯೋಡಿನ್ ಬಿದ್ದಾಗ, ಮೊದಲು ಹಸಿರಿದ್ದ ಕಡೆ ಮಾತ್ರ ಕಡುನೀಲಿ ಬಣ್ಣ ಮೂಡುತ್ತದೆ.

ಪುಸ್ತಕಕ್ಕೆ ಇದು ಕೆಲವೇ ಸಾಲು, ಶಾಲೆಗೆ ನಾಲ್ಕು ದಿನದ ಕೆಲಸ. ಪೀರಿಯಡ್ಡೋ ನಲವತ್ತು ನಿಮಿಷದ್ದು, ತರಗತಿಯಲ್ಲಿ ಐವತ್ತು ಮಕ್ಕಳು, ಸ್ಪಿರಿಟ್ ಲ್ಯಾಂಪು ಒಂದೋ ಎರಡೋ. ಹೀಗಾಗಿ ಬಹಳಷ್ಟು ಕಡೆ ಈ ಎಲೆ ಕಪ್ಪುಹಲಗೆಯ ಮೇಲೆಯೇ ಕತ್ತಲೆಗೆ ಹೋಗಿ, ಅಲ್ಲೇ ನೀಲಿಯಾಗಿ, ನೋಟ್ಸಿಗೆ ಇಳಿಯುತ್ತದೆ. ಪರೀಕ್ಷೆಯಲ್ಲಿ ಅದರ ಬಗ್ಗೆ ಪ್ರಶ್ನೆ ಬಂದರೆ ಪ್ರಯೋಗ ಮಾಡಿದವರಿಗೂ ಮಾಡದವರಿಗೂ ಅಂಕ ಒಂದೇ. ಪ್ರಯೋಗವನ್ನು ಹಲಗೆಯಿಂದ ಇಳಿಸಿ ಮಕ್ಕಳ ಕೈಗೆ ದಾಟಿಸಲು ಒಬ್ಬರಾದ ಮೇಲೊಬ್ಬರು ಹೆಣಗಿದ್ದಾರೆ. ಪ್ರೌಢಶಾಲಾ ವಿಜ್ಞಾನ ಬೋಧನೆಯ ಚರಿತ್ರೆಯ ಬಹುಪಾಲು ಈ ಹೆಣಗಾಟದ್ದೇ.

ಶುರುವಿನಲ್ಲಿ ತೊಡಕಾಗಿದ್ದದ್ದು ಭಾಷೆ. ಬೆಂಗಳೂರಿನಲ್ಲಿ 1858ರಲ್ಲಿ ಹೈಸ್ಕೂಲಾಗಿ ಆರಂಭಗೊಂಡು 1875ರಲ್ಲಿ ಸೆಂಟ್ರಲ್ ಕಾಲೇಜೆಂದು ಹೆಸರು ಪಡೆದ ಸಂಸ್ಥೆಯಲ್ಲಿ ವಿಜ್ಞಾನವೆಂದರೆ ಇಂಗ್ಲಿಷಿನಲ್ಲಿ ಕೇಳಿ ಇಂಗ್ಲಿಷಿನಲ್ಲಿ ಬರೆಯುವ ವಿಷಯ. ಅದೇ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರ ಜೊತೆ ಸೇರಿ 1918ರಲ್ಲಿ ‘ವಿಜ್ಞಾನ’ ಎಂಬ ಮಾಸಪತ್ರಿಕೆ ತಂದರು. ಕನ್ನಡದ ಮೊದಲ ವಿಜ್ಞಾನ ಪತ್ರಿಕೆ ಅದು. ಹೆಚ್ಚು ಕಾಲ ನಡೆಯಲಿಲ್ಲ. ಆದರೆ ಇಂಥ ವಿಷಯ ಕನ್ನಡದಲ್ಲಿ ಬರೆಯಲಾಗದು ಎಂಬ ಮಾತಿಗೆ ಅಲ್ಲಿಂದಾಚೆ ಬೆಲೆ ಉಳಿಯಲಿಲ್ಲ.

ಇತ್ತ ಕರಾವಳಿಯಲ್ಲಿ ಶಿವರಾಮ ಕಾರಂತರು ಯಾವ ಇಲಾಖೆಯ ಅಪ್ಪಣೆಗೂ ಕಾಯದೆ 1936ರಲ್ಲಿ ‘ಬಾಲಪ್ರಪಂಚ’ದ ಮೂರು ಸಂಪುಟ ಹೊರತಂದರು, ಎರಡು ದಶಕದ ಬಳಿಕ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’. ಸ್ವತಃ ವಿಜ್ಞಾನದ ಪದವೀಧರರಲ್ಲದವರೊಬ್ಬರು ಒಂಟಿಯಾಗಿ ಮಾಡಿದ ಈ ಕೆಲಸ ಹಳ್ಳಿಯ ಎಷ್ಟೋ ಶಾಲೆಗಳ ಕಪಾಟಿನಲ್ಲಿ ಆಕರಗ್ರಂಥದ ಸ್ಥಾನ ಪಡೆಯಿತು. ಪಠ್ಯಪುಸ್ತಕಕ್ಕಿಂತ ಅದನ್ನು ಓದುವುದೇ ಖುಷಿ ಎಂದವರು ಕಡಿಮೆಯಿಲ್ಲ. ಪಠ್ಯಪುಸ್ತಕಕ್ಕೆ ಪ್ರಶ್ನೆಪತ್ರಿಕೆಯ ಹಂಗಿತ್ತು, ಕಾರಂತರಿಗಿರಲಿಲ್ಲ.

ಸ್ವಾತಂತ್ರ್ಯಾನಂತರವೂ ಕೆಲಕಾಲ ವಿಜ್ಞಾನ ಎಲ್ಲರ ವಿಷಯವಾಗಿರಲಿಲ್ಲ. 1952–53ರ ಮುದಲಿಯಾರ್ ಆಯೋಗ ಸಾಮಾನ್ಯ ವಿಜ್ಞಾನವನ್ನು ಎಲ್ಲರಿಗೂ ಹೇಳಿಕೊಡಿ ಎಂದಿತು. ಜೊತೆಗೇ ಬಹೂದ್ದೇಶ ಪ್ರೌಢಶಾಲೆಗಳಲ್ಲಿ ಕಲೆ, ವಿಜ್ಞಾನ, ವಾಣಿಜ್ಯ, ಕೃಷಿ, ಗೃಹವಿಜ್ಞಾನ ಎಂದು ಕವಲುಗಳನ್ನೂ ಸೂಚಿಸಿತು. ಮೊದಲ ಹತ್ತು ವರ್ಷ ವಿಜ್ಞಾನ, ಗಣಿತ ಎರಡೂ ಎಲ್ಲರಿಗೂ ಕಡ್ಡಾಯವಾಗಲಿ ಎಂದು ಹೇಳಲು 1964–66ರ ಕೊಠಾರಿ ಆಯೋಗವೇ ಬರಬೇಕಾಯಿತು.

ಕಡ್ಡಾಯವಾದ ಮೇಲೆ ಮೇಷ್ಟರು ಬೇಕಲ್ಲ. 1961ರಲ್ಲಿ ಹುಟ್ಟಿದ ಎನ್‌ಸಿಇಆರ್‌ಟಿ 1963ರಲ್ಲಿ ಮೈಸೂರಿನ ಪ್ರಾದೇಶಿಕ ಶಿಕ್ಷಣ ಕಾಲೇಜನ್ನು ತೆರೆಯಿತು. ವಿಜ್ಞಾನದ ಪದವಿ, ಶಿಕ್ಷಕ ತರಬೇತಿ ಎರಡನ್ನೂ ನಾಲ್ಕು ವರ್ಷದ ಒಂದೇ ಕೋರ್ಸಿನಲ್ಲಿ ಹೆಣೆದದ್ದು ಅಲ್ಲಿನ ಹೊಸತನ. ಆ ದಶಕವೇ ಹಾಗಿತ್ತು. 1957ರಲ್ಲಿ ರಷ್ಯಾ ಸ್ಪುಟ್ನಿಕ್ ಹಾರಿಸಿದ್ದರಿಂದ ಬೆಚ್ಚಿದ ಅಮೆರಿಕ ಶಾಲಾ ಭೌತಶಾಸ್ತ್ರಕ್ಕೆ ಹಣ ಸುರಿಯಿತು, ಇಂಗ್ಲೆಂಡಿನಲ್ಲಿ ನಫೀಲ್ಡ್ ಯೋಜನೆ ಬಂತು, ಅವುಗಳ ಅಲೆ ಬೇಸಿಗೆ ಶಿಬಿರಗಳ ರೂಪದಲ್ಲಿ ಇಲ್ಲಿನ ಶಿಕ್ಷಕರನ್ನೂ ಮುಟ್ಟಿತು. 1965ರಲ್ಲಿ ಬೆಂಗಳೂರಿನ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ ಜನರಿಗೆ ತೆರೆದುಕೊಂಡಿತು. ಶಾಲಾ ಪ್ರವಾಸದ ಬಸ್ಸುಗಳಿಗೆ ಲಾಲ್‌ಬಾಗಿನ ಜೊತೆ ಇನ್ನೊಂದು ನಿಲ್ದಾಣ ಸಿಕ್ಕಿತು.

ಶಾಲೆಗಳಿಗೆ ಕಿಟ್ ಪೆಟ್ಟಿಗೆಗಳು ಬಂದವು. ಅವುಗಳ ಜೊತೆ ದಾಸ್ತಾನು ವಹಿಯೂ ಬಂತು. ವಿಜ್ಞಾನ ಬೋಧನೆಗೆ ಈ ವಹಿ ಮಾಡಿದಷ್ಟು ಹಾನಿಯನ್ನು ಹಣದ ಕೊರತೆಯೂ ಮಾಡಿಲ್ಲವೇನೋ. ಒಡೆದ ಪ್ರನಾಳಕ್ಕೆ ಲೆಕ್ಕ ಕೊಡಬೇಕು, ಕಳೆದ ಮಸೂರಕ್ಕೆ ವಿವರಣೆ ಬರೆಯಬೇಕು, ವರ್ಗವಾಗಿ ಹೋಗುವಾಗ ಎಲ್ಲವನ್ನೂ ಎಣಿಸಿ ಚಾರ್ಜು ಕೊಡಬೇಕು. ಮುಟ್ಟದಿದ್ದರೆ ಒಡೆಯುವುದಿಲ್ಲ ಎಂಬುದು ಶಿಕ್ಷಕರಿಗೆ ಬೇಗ ಅರ್ಥವಾಯಿತು. ಲ್ಯಾಬೆಂದರೆ ಬೀಗ ಹಾಕಿದ ಬೀರು ಎಂದಾಯಿತು.

ಈ ಗಂಟನ್ನು ಬಿಚ್ಚಲು ನಿಜವಾಗಿ ಧೈರ್ಯ ಮಾಡಿದ್ದು ಮಧ್ಯಪ್ರದೇಶದ ಹೋಶಂಗಾಬಾದ್. ಕಿಶೋರ ಭಾರತಿ, ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಎರಡು ಸಂಸ್ಥೆಗಳು 1972ರಲ್ಲಿ ಹದಿನಾರು ಮಾಧ್ಯಮಿಕ ಶಾಲೆಗಳಲ್ಲಿ ಶುರುಮಾಡಿದ ಕಾರ್ಯಕ್ರಮ ಅದು. ಆರರಿಂದ ಎಂಟನೆಯ ತರಗತಿಯ ಮಕ್ಕಳು ತಂಡ ಕಟ್ಟಿಕೊಂಡು ಪ್ರಯೋಗ ಮಾಡುವುದು, ಕಂಡದ್ದನ್ನು ಬರೆಯುವುದು, ಆಮೇಲೆ ಚರ್ಚಿಸುವುದು. ಪುಸ್ತಕದಲ್ಲಿ ಉತ್ತರ ಅಚ್ಚಾಗಿರುತ್ತಿರಲಿಲ್ಲ. ಹೂವನ್ನು ಬಿಡಿಸಿ ನೋಡಲು ಸೂಜಿಯ ಬದಲು ಜಾಲಿ ಮುಳ್ಳು. ಟೆಲ್ಕೊ ಕಂಪನಿಯಲ್ಲಿ ಎಂಜಿನಿಯರಾಗಿದ್ದ ಅರವಿಂದ ಗುಪ್ತಾ 1978ರಲ್ಲಿ ರಜೆ ಹಾಕಿ ಅಲ್ಲಿಗೆ ಹೋಗಿ, ಬೆಂಕಿಕಡ್ಡಿಗಳನ್ನು ಸೈಕಲ್ ವಾಲ್ವ್ ಟ್ಯೂಬಿನ ತುಂಡುಗಳಿಂದ ಜೋಡಿಸಿ ತ್ರಿಕೋನ, ಘನಗಳನ್ನು ಕಟ್ಟುವ ಆಟ ಕಂಡುಹಿಡಿದರು. ತ್ರಿಕೋನವನ್ನು ಒತ್ತಿದರೆ ಆಕಾರ ಕೆಡುವುದಿಲ್ಲ, ಚೌಕ ಮಾತ್ರ ವಾಲುತ್ತದೆ. ಸೇತುವೆಯ ಕಬ್ಬಿಣದ ಹಂದರದಲ್ಲಿ ತ್ರಿಕೋನಗಳೇ ಏಕೆ ತುಂಬಿವೆ ಎಂಬುದು ಬೆರಳಿಗೇ ತಿಳಿಯುತ್ತದೆ.

ಆದರೆ ಹೋಶಂಗಾಬಾದಿನ ಅಸಲಿ ಪಾಠ ಕಿಟ್ಟಿನದಲ್ಲ, ಪರೀಕ್ಷೆಯದು. ಅವರು ಎಂಟನೆಯ ತರಗತಿಯ ಪರೀಕ್ಷೆಯನ್ನೇ ಬದಲಿಸಿದರು: ಪುಸ್ತಕ ತೆರೆದಿಟ್ಟುಕೊಂಡು ಬರೆಯಬಹುದು, ಜೊತೆಗೆ ಕೈಯಾರೆ ಮಾಡಿ ತೋರಿಸುವ ಪ್ರಾಯೋಗಿಕ ಪರೀಕ್ಷೆ. 1978ರ ಹೊತ್ತಿಗೆ ಇಡೀ ಜಿಲ್ಲೆಗೆ ಹಬ್ಬಿ, 1982ರಿಂದ ಏಕಲವ್ಯ ಸಂಸ್ಥೆಯ ಆಸರೆಯಲ್ಲಿ ಇನ್ನೂ ಬೆಳೆದ ಕಾರ್ಯಕ್ರಮವನ್ನು ರಾಜ್ಯ ಸರ್ಕಾರ 2002ರಲ್ಲಿ ನಿಲ್ಲಿಸಿತು. ಮೂವತ್ತು ವರ್ಷ ನಡೆದದ್ದನ್ನು ಸೋಲೆನ್ನುವುದು ಕಷ್ಟ. ಆದರೆ ಬೇರೆ ರಾಜ್ಯಗಳು ಕಲಿಕಾ ಸಾಮಗ್ರಿಯನ್ನೂ ಚಟುವಟಿಕೆಗಳನ್ನೂ ಎರವಲು ಪಡೆದವೇ ಹೊರತು ಪರೀಕ್ಷೆಯ ತಂಟೆಗೆ ಹೋಗಲಿಲ್ಲ.

ಕರ್ನಾಟಕ ಹಿಡಿದ ದಾರಿ ಬೇರೆ. ಇಲ್ಲಿ ಹುರುಪು ಹುಟ್ಟಿದ್ದು ತರಗತಿಯ ಹೊರಗೆ. ಗೌರಿಬಿದನೂರಿನ ಹೊಸೂರಿನಿಂದ ಬಂದು, ಅಮೆರಿಕದಲ್ಲಿ ಪರಮಾಣು ಭೌತವಿಜ್ಞಾನ ಓದಿ, ನ್ಯಾಷನಲ್ ಕಾಲೇಜಿನ ಕೋಣೆಯೊಂದರಲ್ಲೇ ಬದುಕಿದ ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ವಾರ ವಾರ ಉಪನ್ಯಾಸ, ಯಾರು ಬೇಕಾದರೂ ಬಂದು ಪ್ರಶ್ನೆ ಕೇಳಬಹುದು. 1978ರಲ್ಲಿ ‘ಬಾಲವಿಜ್ಞಾನ’ ಮಾಸಪತ್ರಿಕೆ ಬಂತು, 1980ರಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು. ಜೆ. ಆರ್. ಲಕ್ಷ್ಮಣರಾವ್, ಅಡ್ಯನಡ್ಕ ಕೃಷ್ಣಭಟ್ ಅವರಂಥವರು ಪತ್ರಿಕೆಗೆ ದುಡಿದರು. ಎಲ್ಲರೂ ಪಾಠ ಹೇಳಿಯೇ ಪಳಗಿದವರು, ಹಾಗಾಗಿ ಯಾವ ಸಾಲಿನಲ್ಲಿ ಹುಡುಗರು ಎಡವುತ್ತಾರೆಂಬುದು ಗೊತ್ತಿತ್ತು.

ಆ ಕೆಲಸದ ಫಲವನ್ನು ಎರಡು ಸೂರ್ಯಗ್ರಹಣಗಳ ನಡುವೆ ಅಳೆಯಬಹುದು. 1980ರ ಫೆಬ್ರವರಿ 16ರಂದು ಪೂರ್ಣಗ್ರಹಣದ ಪಥ ಅಂಕೋಲಾದಿಂದ ರಾಯಚೂರಿನವರೆಗೆ ರಾಜ್ಯವನ್ನು ಸೀಳಿಕೊಂಡು ಹೋಯಿತು. ವಿದೇಶಗಳಿಂದ ಖಗೋಳಜ್ಞರು ಬಂದು ಠಿಕಾಣಿ ಹೂಡಿದ್ದರು. ಊರಿನ ಜನ ಬಾಗಿಲು ಹಾಕಿಕೊಂಡು ಒಳಗೆ ಕುಳಿತಿದ್ದರು. ಜನ ಹೊರಬರದಿರಲೆಂದು ದೂರದರ್ಶನವೇ ಸಿನಿಮಾ ಹಾಕಿತ್ತು. 2019ರ ಡಿಸೆಂಬರ್ 26ರ ಕಂಕಣಗ್ರಹಣ ಮಂಗಳೂರು, ಕೊಡಗಿನ ಮೇಲೆ ಹಾದಾಗ ಎಷ್ಟೋ ಶಾಲೆಗಳ ಅಂಗಳದಲ್ಲಿ ಮಕ್ಕಳು ಸೌರ ಕನ್ನಡಕ ಹಾಕಿಕೊಂಡು, ರಟ್ಟಿನ ತೂತಿನಿಂದ ಉಂಗುರದ ಬಿಂಬ ಬೀಳಿಸಿ ನಿಂತಿದ್ದರು. ಬಾಗಿಲು ಹಾಕಿಕೊಂಡವರು ಆಗಲೂ ಇದ್ದರೆನ್ನಿ. ನೆತ್ತಿಯ ಮೇಲೆ ಸೂರ್ಯ ಬಂದು ನೆರಳು ಕಾಲಡಿ ಅಡಗುವ ಶೂನ್ಯ ನೆರಳಿನ ದಿನ ಬೆಂಗಳೂರಿಗೆ ಏಪ್ರಿಲ್ ಕೊನೆಯ ವಾರ, ಮತ್ತೆ ಆಗಸ್ಟ್ ಮಧ್ಯದಲ್ಲಿ ಬರುತ್ತದೆ. ಅದೇ ಮಧ್ಯಾಹ್ನ ಉತ್ತರದ ಇನ್ನೊಂದು ಊರಿನ ಶಾಲೆಯವರು ಕೋಲಿನ ನೆರಳು ಅಳೆದು ಫೋನಿನಲ್ಲಿ ತಿಳಿಸಿದರೆ, ಆ ಕೋನ ಮತ್ತು ಎರಡು ಊರುಗಳ ನಡುವಿನ ದೂರದ ಲೆಕ್ಕದಿಂದ ಭೂಮಿಯ ಸುತ್ತಳತೆ ಸಿಗುತ್ತದೆ. ಖರ್ಚು ಒಂದು ಕೋಲು, ಒಂದು ಟೇಪು. ದಾಸ್ತಾನು ವಹಿಗೆ ಇದರಲ್ಲಿ ಕೆಲಸವೇ ಇಲ್ಲ.

1987ರ ಭಾರತ ಜನ ವಿಜ್ಞಾನ ಜಾಥಾ ವಿಜ್ಞಾನವನ್ನು ಬೀದಿಗೆ ತಂದಿತು. 1993ರಿಂದ ನಡೆದುಬಂದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ ಹತ್ತರಿಂದ ಹದಿನೇಳು ವಯಸ್ಸಿನವರ ತಂಡಗಳಿಗೆ ತಮ್ಮೂರಿನದೇ ಸಮಸ್ಯೆ ಆಯ್ದು ತಿಂಗಳುಗಟ್ಟಲೆ ಅಧ್ಯಯನ ಮಾಡಲು ಹೇಳಿತು. 1999ರಲ್ಲಿ ಹುಟ್ಟಿದ ಅಗಸ್ತ್ಯ ಪ್ರತಿಷ್ಠಾನ ಕುಪ್ಪಂ ಬಳಿಯ ತನ್ನ ನೆಲೆಯಿಂದ ವ್ಯಾನುಗಳಲ್ಲಿ, ಕೊನೆಗೆ ಬೈಕುಗಳ ಮೇಲೂ ಪ್ರಯೋಗಾಲಯ ಹೇರಿಕೊಂಡು ಹಳ್ಳಿ ಶಾಲೆಗಳಿಗೆ ಹೊರಟಿತು. ಚಳ್ಳಕೆರೆ ಹತ್ತಿರದ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಶಿಕ್ಷಕರನ್ನೇ ಕರೆಸಿ ಉಳಿಸಿಕೊಂಡು ಲ್ಯಾಬಿನಲ್ಲಿ ಕೈ ಪಳಗಿಸುತ್ತಿದೆ. ಇವೆಲ್ಲ ಒಳ್ಳೆಯ ಕೆಲಸಗಳೇ. ಆದರೆ ವ್ಯಾನು ಸಂಜೆ ಹೊರಟುಹೋಗುತ್ತದೆ, ಶಿಬಿರದಿಂದ ಮರಳಿದ ಶಿಕ್ಷಕರಿಗೆ ಸೋಮವಾರ ಬೆಳಿಗ್ಗೆ ಅದೇ ನಲವತ್ತು ನಿಮಿಷ.

ಅದಕ್ಕೆ ಸೇರಿದ್ದು ಪಿಸಿಎಂ–ಸಿಬಿಝಡ್ ಎಂಬ ಒಳಗೋಡೆ. ಪದವಿಯಲ್ಲಿ ಭೌತ–ರಸಾಯನ–ಗಣಿತ ಓದಿದವರು ಒಂದು ಜಾತಿ, ರಸಾಯನ–ಸಸ್ಯ–ಪ್ರಾಣಿಶಾಸ್ತ್ರದವರು ಇನ್ನೊಂದು. ಹತ್ತನೆಯ ತರಗತಿಯ ವಿಜ್ಞಾನವೋ ಭೌತ, ರಸಾಯನ, ಜೀವಶಾಸ್ತ್ರ ಮೂರನ್ನೂ ಕೂಡಿಸಿದ ಒಂದೇ ವಿಷಯ. ಕಪ್ಪೆ, ಹೂವು, ಹೃದಯವನ್ನು ನೀರು ಕುಡಿದಷ್ಟು ಸಲೀಸಾಗಿ ಹೇಳುವ ಸಿಬಿಝಡ್ ಮೇಡಂ ವಿದ್ಯುನ್ಮಂಡಲಕ್ಕೆ ಬಂದಾಗ ತುಸು ತಡವರಿಸುವುದು, ಪಿಸಿಎಂ ಮೇಷ್ಟ್ರು ಅನುವಂಶೀಯತೆಯ ಪಾಠವನ್ನು ಬೇಗ ಬೇಗ ಮುಗಿಸುವುದು ಸ್ಟಾಫ್‌ರೂಮಿನ ಗುಟ್ಟೇನಲ್ಲ.

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಬಾಯಿಪಾಠದ ವಿರುದ್ಧ ಖಡಾಖಂಡಿತವಾಗಿ ಮಾತಾಡಿತು. ಅದರ ನೆರಳಿನಲ್ಲಿ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಬಂತು. 2014–15ರಿಂದ ಎಸ್ಸೆಸ್ಸೆಲ್ಸಿ ವಿಜ್ಞಾನದಲ್ಲಿ 80 ಅಂಕ ಲಿಖಿತ, 20 ಆಂತರಿಕ ಎಂದಾಯಿತು. ಆ ಇಪ್ಪತ್ತು ಅಂಕ ಪ್ರಯೋಗಕ್ಕೆ, ಪ್ರಾಜೆಕ್ಟಿಗೆ ಜಾಗ ಮಾಡಿಕೊಡಬೇಕಿತ್ತು. ಬಹಳ ಕಡೆ ಜಾಗ ಸಿಕ್ಕಿದ್ದು ಸ್ಟೇಷನರಿ ಅಂಗಡಿಗೆ: ಚಾರ್ಟು, ಬಣ್ಣದ ಚಿತ್ರಗಳ ಹಾಳೆ, ಅಂತರ್ಜಾಲದಿಂದ ಇಳಿಸಿದ ನಾಲ್ಕು ಪುಟ. ಇಪ್ಪತ್ತಕ್ಕೆ ಹತ್ತೊಂಬತ್ತೋ ಇಪ್ಪತ್ತೋ ಬೀಳುವುದು ರೂಢಿಯಾಯಿತು.

2018–19ರಲ್ಲಿ ಹತ್ತನೆಯ ತರಗತಿಗೆ ಎನ್‌ಸಿಇಆರ್‌ಟಿಯ ವಿಜ್ಞಾನ ಪುಸ್ತಕವೇ ಕನ್ನಡಕ್ಕೆ ಬಂತು. ಪಾಠದ ನಡುನಡುವೆ ಚಟುವಟಿಕೆಗಳನ್ನು ಹೆಣೆದಿರುವುದು ಆ ಪುಸ್ತಕದ ಗುಣ. ಮಾಡಿ ನೋಡದೆ ಮುಂದಿನ ಸಾಲು ಪೂರ್ತಿ ಅರ್ಥವಾಗದು. 2020ರಲ್ಲಿ ಶಾಲೆ ಮುಚ್ಚಿ ಚಂದನ ವಾಹಿನಿಯ ಪಾಠಗಳೇ ಗತಿಯಾದಾಗ ಆ ಚಟುವಟಿಕೆಗಳೆಲ್ಲ ನೋಡುವ ಸಂಗತಿಗಳಾದವು. 2021ರ ಜುಲೈನಲ್ಲಿ ಎಸ್ಸೆಸ್ಸೆಲ್ಸಿ ವಿಜ್ಞಾನ ಪರೀಕ್ಷೆ ಗಣಿತ, ಸಮಾಜಗಳ ಜೊತೆ ಒಂದೇ ದಿನ, ಬರೀ ಬಹು ಆಯ್ಕೆಯ ಪ್ರಶ್ನೆಗಳಲ್ಲಿ ಮುಗಿಯಿತು. 2023ರಲ್ಲಿ ಎನ್‌ಸಿಇಆರ್‌ಟಿ ಹತ್ತನೆಯ ತರಗತಿಯ ಪುಸ್ತಕದಿಂದ ಜೀವವಿಕಾಸ, ಧಾತುಗಳ ಆವರ್ತಕ ವರ್ಗೀಕರಣ ಎರಡನ್ನೂ ಹೊರೆ ತಗ್ಗಿಸುವ ಹೆಸರಿನಲ್ಲಿ ಕೈಬಿಟ್ಟಿತು. 1800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಪ್ರತಿಭಟಿಸಿ ಪತ್ರ ಬರೆದರು. ಹತ್ತಕ್ಕೆ ಓದು ನಿಲ್ಲಿಸುವ, ಇಲ್ಲವೇ ಕಲೆ, ವಾಣಿಜ್ಯಕ್ಕೆ ಹೋಗುವ ಹುಡುಗಿಗೆ ಡಾರ್ವಿನ್ ಇನ್ನೆಲ್ಲಿ ಸಿಗಬೇಕು ಎಂಬುದು ಅವರ ವಾದದ ತಿರುಳು. ಕೊಠಾರಿ ಆಯೋಗ ಹತ್ತು ವರ್ಷ ಎಲ್ಲರಿಗೂ ವಿಜ್ಞಾನ ಎಂದಿದ್ದರ ಹಿಂದೆ ಇದ್ದದ್ದೂ ಇದೇ ಆತಂಕ.

ಉಪಕರಣಗಳ ಕಾಲ ಮತ್ತೆ ಬಂದಿದೆ. 2016ರಲ್ಲಿ ಶುರುವಾದ ಅಟಲ್ ಟಿಂಕರಿಂಗ್ ಲ್ಯಾಬಿಗೆ ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನ: ಮೂರು ಆಯಾಮದ ಪ್ರಿಂಟರು, ಸಂವೇದಕಗಳು, ಪುಟ್ಟ ರೋಬಾಟುಗಳು. ಸ್ಮಾರ್ಟ್ ಬೋರ್ಡಿನ ಮೇಲೆ ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ ಅನುಕರಣೆಗಳು ಓಡುತ್ತವೆ. ಓಮ್‌ನ ನಿಯಮವನ್ನು ತಂತಿಯಿಲ್ಲದೆ, ಶೆಲ್ಲಿಲ್ಲದೆ ತೋರಿಸಬಹುದು. ಅಲ್ಲಿ ಬಲ್ಬು ಎಂದೂ ಸುಡುವುದಿಲ್ಲ, ಸಂಪರ್ಕ ಎಂದೂ ಸಡಿಲವಾಗುವುದಿಲ್ಲ. ಸಡಿಲ ಸಂಪರ್ಕವನ್ನು ಹುಡುಕಿ ಸರಿಪಡಿಸುವುದೇ ವಿದ್ಯುತ್ ಪಾಠದ ಅರ್ಧಭಾಗವೆನ್ನುವ ಹಳೇ ಮೇಷ್ಟ್ರುಗಳಿಗೆ ಇದು ಅಷ್ಟಾಗಿ ರುಚಿಸದು. ಅವರ ಮಾತಿನಲ್ಲಿ ಹುರುಳಿದೆ. ಮೌಸ್ ಹಿಡಿದವರು ಶಿಕ್ಷಕರೇ ಆದರೆ ಹಲಗೆಯ ಬದಲು ಪರದೆ ಬಂತು, ಅಷ್ಟೇ.

ಡಿಸೆಂಬರ್ ಕಳೆಯುತ್ತಿದ್ದಂತೆ ಇವೆಲ್ಲ ಹಿಂದೆ ಸರಿಯುತ್ತವೆ. ಫಲಿತಾಂಶದಲ್ಲಿ ಜಿಲ್ಲೆ ಎಷ್ಟನೇ ಸ್ಥಾನ ಎಂಬ ಲೆಕ್ಕ ಬಿಇಒ ಕಚೇರಿಯಿಂದ ಮುಖ್ಯ ಶಿಕ್ಷಕರಿಗೆ, ಅಲ್ಲಿಂದ ವಿಜ್ಞಾನ ಶಿಕ್ಷಕರಿಗೆ ಇಳಿಯುತ್ತದೆ. ಬೆಳಿಗ್ಗೆ ವಿಶೇಷ ತರಗತಿ, ಸಂಜೆ ಗುಂಪು ಅಧ್ಯಯನ, ಹಿಂದುಳಿದವರಿಗೆ ‘ಪಾಸಿಂಗ್ ಪ್ಯಾಕೇಜ್’. ಕಣ್ಣು, ಮೆದುಳು, ಹೃದಯದ ಅಂದವಾದ ಚಿತ್ರ ಬರೆದು ಭಾಗ ಗುರುತಿಸುವುದನ್ನು ದಿನಕ್ಕೆರಡು ಬಾರಿ ತಿದ್ದಿಸುತ್ತಾರೆ. ಇದನ್ನು ಆಡಿಕೊಳ್ಳುವುದು ಸುಲಭ. ಆದರೆ ಈ ಪ್ಯಾಕೇಜಿನಿಂದಲೇ ಪಾಸಾಗಿ ಐಟಿಐ, ಡಿಪ್ಲೊಮಾ ಸೇರಿದ ಮಕ್ಕಳ ಮನೆಯಲ್ಲಿ ಅದನ್ನು ಕಟ್ಟಿಕೊಟ್ಟ ಮೇಷ್ಟ್ರ ಮೇಲೆ ಗೌರವವೇ ಇದೆ.

ಪಿಯುಸಿಗೆ ಬಂದ ಮೇಲೆ ಲೆಕ್ಕ ಬೇರೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಒಂದೊಂದರಲ್ಲೂ 30 ಅಂಕ ಪ್ರಾಯೋಗಿಕ ಪರೀಕ್ಷೆಗೇ ಮೀಸಲು, ಲ್ಯಾಬ್ ರೆಕಾರ್ಡಿಗೆ ಸಹಿ ಬೀಳದೆ ಗತಿಯಿಲ್ಲ. ಬ್ಯುರೆಟ್ಟನ್ನು ನೆಟ್ಟಗೆ ಹಿಡಿದು ಹನಿಹನಿಯಾಗಿ ಬಿಡುವುದು ಹೇಗೆ, ವರ್ನಿಯರ್ ಕ್ಯಾಲಿಪರಿನ ಅಳತೆ ಓದುವುದು ಹೇಗೆ ಎಂದು ಉಪನ್ಯಾಸಕರು ಜೂನ್–ಜುಲೈನಲ್ಲಿ ಮೊದಲಿನಿಂದ ಶುರುಮಾಡುತ್ತಾರೆ. ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನಕ್ಕೆ ನೂರಕ್ಕೆ ತೊಂಬತ್ತೈದು ತೆಗೆದವರೂ ಆ ಸಾಲಿನಲ್ಲೇ ನಿಂತು, ಪಿಪೆಟ್ಟಿನ ತುದಿಗೆ ಬೆರಳನ್ನು ಎಷ್ಟು ಬಿಗಿಯಾಗಿ ಒತ್ತಬೇಕೆಂದು ಪಕ್ಕದವರನ್ನು ಕೇಳುತ್ತಾರೆ.