ಹಳೆಯ ಗಣಕಕ್ಕೆ ಹೊಸ ವ್ಯವಸ್ಥೆ: ತೊಂಬತ್ತೆಂಟರಿಂದ ಎಕ್ಸ್‌ಪಿಗೆ

ಮನೆಯ ಗಣಕಕ್ಕೆ ಹೊಸ ಕಾರ್ಯಾಚರಣ ವ್ಯವಸ್ಥೆಯನ್ನು ಅಳವಡಿಸುವುದೆಂದರೆ ಹಳೆಯ ತಂತ್ರಾಂಶದ ಜಾಗದಲ್ಲಿ ಹೊಸದನ್ನು ಕೂರಿಸುವುದಷ್ಟೇ ಎಂದು ನೀವು ಭಾವಿಸಿರಬಹುದು. ಎಷ್ಟೋ ಸಲ ಅದು ಹಾಗೆಯೇ ಇರುತ್ತದೆ. 1995ರ ಆಗಸ್ಟ್ 24ರಂದು ಬಿಡುಗಡೆಯಾದ ವಿಂಡೋಸ್ 95ರಿಂದ 1998ರ ಜೂನ್ 25ರಂದು ಬಂದ ವಿಂಡೋಸ್ 98ಕ್ಕೆ ದಾಟಿದವರು ಹೆಚ್ಚೇನೂ ತಲೆ ಕೆಡಿಸಿಕೊಳ್ಳಬೇಕಾಗಲಿಲ್ಲ. ಆದರೆ 2001ರ ಅಕ್ಟೋಬರ್ 25ರಂದು ಮಾರುಕಟ್ಟೆಗೆ ಬಂದ ವಿಂಡೋಸ್ ಎಕ್ಸ್‌ಪಿಯ ಕಥೆ ಬೇರೆ. ಹೆಸರು ಅದೇ ಮನೆತನದ್ದು, ಒಳಗಿನ ತಿರುಳು ಮಾತ್ರ ಇನ್ನೊಂದು ಮನೆಯದು. ಮನೆಯಲ್ಲಿದ್ದ ಮುದ್ರಕ, ಸ್ಕ್ಯಾನರುಗಳು ಕೆಲಸ ನಿಲ್ಲಿಸಿದ್ದಕ್ಕೂ, ಕನ್ನಡ ಲಿಪಿ ಮೊದಲ ಬಾರಿಗೆ ಗೃಹಗಣಕದ ವ್ಯವಸ್ಥೆಯೊಳಗೇ ಸ್ಥಾನ ಪಡೆದದ್ದಕ್ಕೂ ಕಾರಣ ಈ ಒಂದೇ ಬದಲಾವಣೆ.

ಅದು ಹೇಗೆಂದು ನೋಡೋಣ. ವಿಂಡೋಸ್ 95, 98 ಹಾಗೂ 2000ದ ಸೆಪ್ಟೆಂಬರಿನಲ್ಲಿ ಬಂದ ವಿಂಡೋಸ್ ಎಂಇ, ಈ ಮೂರರ ಬುಡದಲ್ಲಿ ಇದ್ದದ್ದು ಎಂಎಸ್-ಡಾಸ್. ಅದೇ ಕಾಲದಲ್ಲಿ ಮೈಕ್ರೋಸಾಫ್ಟ್ ಕಚೇರಿಗಳಿಗೆಂದು ಮತ್ತೊಂದು ವ್ಯವಸ್ಥೆಯನ್ನು ಬೆಳೆಸುತ್ತಿತ್ತು. ಡಿಜಿಟಲ್ ಈಕ್ವಿಪ್‌ಮೆಂಟ್ ಸಂಸ್ಥೆಯಿಂದ 1988ರಲ್ಲಿ ಬಂದು ಸೇರಿದ ಡೇವ್ ಕಟ್ಲರ್ ಅವರ ನೇತೃತ್ವದಲ್ಲಿ ಸಿದ್ಧವಾದ ವಿಂಡೋಸ್ ಎನ್‌ಟಿ 1993ರಲ್ಲಿ ಹೊರಬಂತು. ಇದಕ್ಕೆ ಡಾಸ್‌ನ ಹಂಗಿರಲಿಲ್ಲ. ಕಾರ್ಯಕ್ರಮಗಳು ಯಂತ್ರಾಂಶವನ್ನು ನೇರವಾಗಿ ಮುಟ್ಟಲು ಇದು ಬಿಡುತ್ತಿರಲಿಲ್ಲ. ಅಷ್ಟೇ ಮುಖ್ಯವಾದ ಇನ್ನೊಂದು ಸಂಗತಿಯೆಂದರೆ, ಎನ್‌ಟಿಯ ಒಳಗೆ ಅಕ್ಷರಗಳನ್ನು 16 ಬಿಟ್‌ಗಳ ಯೂನಿಕೋಡ್‌ನಲ್ಲಿ ಇಟ್ಟುಕೊಳ್ಳಲಾಗುತ್ತಿತ್ತು. ಎಕ್ಸ್‌ಪಿಯೆಂದರೆ ಈ ಎನ್‌ಟಿ ತಿರುಳನ್ನು ಮನೆಬಳಕೆಗೆ ತಂದದ್ದು.

ಹಳೆಯ ತಿರುಳಿನ ಸ್ವಭಾವಕ್ಕೆ ಒಂದು ಉದಾಹರಣೆ ಹೇಳುತ್ತೇನೆ. ವಿಂಡೋಸ್ 95 ಮತ್ತು 98ರಲ್ಲಿ ಗಣಕ ಚಾಲೂ ಆದಂದಿನಿಂದ ಕಳೆದ ಮಿಲಿಸೆಕೆಂಡುಗಳನ್ನು 32 ಬಿಟ್‌ನ ಎಣಿಕೆಯಲ್ಲಿ ಇಡುತ್ತಿದ್ದರು. ಆ ಎಣಿಕೆ 4,294,967,296ಕ್ಕೆ, ಅಂದರೆ ಸುಮಾರು 49.7 ದಿನಗಳಿಗೆ, ತುಂಬಿ ಸೊನ್ನೆಗೆ ಮರಳಿದಾಗ ಗಣಕ ಸ್ತಬ್ಧವಾಗಬಹುದಿತ್ತು. ಈ ದೋಷ ಬೆಳಕಿಗೆ ಬಂದದ್ದು 1999ರಲ್ಲಿ. ಅಲ್ಲಿಯವರೆಗೆ ಯಾರ ಮನೆಯಲ್ಲೂ ಆ ವ್ಯವಸ್ಥೆ ಅಷ್ಟು ದಿನ ನಿಲ್ಲದೆ ನಡೆದಿರಲಿಲ್ಲವೋ ಏನೋ!

ಎಕ್ಸ್‌ಪಿ ಕೇಳುತ್ತಿದ್ದ ಯಂತ್ರಾಂಶವೇನು? ವಿಂಡೋಸ್ 98ಕ್ಕೆ 66 ಮೆಗಾಹರ್ಟ್ಸ್‌ನ 486 ಸಂಸ್ಕಾರಕ ಮತ್ತು 16 ಮೆಗಾಬೈಟ್ ಸ್ಮೃತಿ ಸಾಕಾಗಿತ್ತು. ಎಕ್ಸ್‌ಪಿಗೆ ಕನಿಷ್ಠ 233 ಮೆಗಾಹರ್ಟ್ಸ್, 64 ಮೆಗಾಬೈಟ್ ಸ್ಮೃತಿ, 1.5 ಗಿಗಾಬೈಟ್ ಡಿಸ್ಕ್ ಜಾಗ ಬೇಕು ಎಂದು ಡಬ್ಬಿಯ ಮೇಲೆ ಬರೆದಿರುತ್ತಿತ್ತು. 128 ಮೆಗಾಬೈಟ್ ಇದ್ದರೆ ಒಳ್ಳೆಯದು ಎಂಬ ಸಲಹೆಯೂ ಇತ್ತು. ಅನುಭವಸ್ಥರು ಈ ಸಲಹೆಯನ್ನೇ ಕನಿಷ್ಠ ಎಂದು ಓದಿಕೊಳ್ಳುತ್ತಿದ್ದರು. 64 ಮೆಗಾಬೈಟ್‌ನಲ್ಲಿ ಎಕ್ಸ್‌ಪಿ ನಡೆಯುವುದೇನೋ ನಡೆಯುತ್ತದೆ; ಆದರೆ ಸ್ಮೃತಿಯಲ್ಲಿ ಜಾಗ ಸಾಲದೆ ಮಾಹಿತಿಯನ್ನು ಮತ್ತೆ ಮತ್ತೆ ಡಿಸ್ಕಿಗೆ ಸಾಗಿಸುತ್ತಾ, ಅಲ್ಲಿಂದ ಹಿಂದಕ್ಕೆ ತರುತ್ತಾ, ಕ್ಯಾಬಿನೆಟ್ಟಿನ ಮುಂದಿನ ಕೆಂಪು ದೀಪ ಆರುವುದೇ ಇಲ್ಲ.

ಹಾಗಾದರೆ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಇನ್ನೊಂದು ರ‍್ಯಾಮ್ ಪಟ್ಟಿ ತಂದು ಸಿಕ್ಕಿಸಿದರಾಯಿತಲ್ಲ? ಇಲ್ಲೊಂದು ಸ್ವಾರಸ್ಯವಿತ್ತು. 1997-98ರ ಅನೇಕ ಪೆಂಟಿಯಂ ಎಂಎಂಎಕ್ಸ್ ಗಣಕಗಳ ಮದರ್‌ಬೋರ್ಡಿನಲ್ಲಿ ಇದ್ದದ್ದು ಇಂಟೆಲ್‌ನ 430ಟಿಎಕ್ಸ್ ಚಿಪ್‌ಸೆಟ್. ಸಂಸ್ಕಾರಕಕ್ಕೂ ಮುಖ್ಯ ಸ್ಮೃತಿಗೂ ನಡುವೆ ವೇಗದ ಕ್ಯಾಶ್ ಸ್ಮೃತಿ ಇರುತ್ತದೆಯಷ್ಟೆ. ಮುಖ್ಯ ಸ್ಮೃತಿಯ ಯಾವ ವಿಳಾಸದ ಪ್ರತಿ ತನ್ನಲ್ಲಿದೆ ಎಂಬುದನ್ನು ಕ್ಯಾಶ್ ಗುರುತು ಹಾಕಿಕೊಳ್ಳಬೇಕು. ಈ ಚಿಪ್‌ಸೆಟ್‌ನಲ್ಲಿ ಆ ಗುರುತಿನ ಮಿತಿ 64 ಮೆಗಾಬೈಟ್. ಅದರಾಚೆಯ ಸ್ಮೃತಿಗೆ ಎರಡನೆಯ ಹಂತದ ಕ್ಯಾಶ್‌ನ ನೆರವೇ ಸಿಗುತ್ತಿರಲಿಲ್ಲ. 128 ಮೆಗಾಬೈಟ್‌ಗೆ ಏರಿಸಿದ ಮೇಲೆ ಡಿಸ್ಕಿನ ಓಡಾಟ ಕಡಿಮೆಯಾಗುತ್ತಿತ್ತು ನಿಜ. ಆದರೆ ಆಚೆಯ ಭಾಗದಲ್ಲಿ ಕುಳಿತ ಕಾರ್ಯಕ್ರಮ ಈಚೆಯದಕ್ಕಿಂತ ನಿಧಾನವಾಗಿ ಓಡುತ್ತಿತ್ತು. ಹಣ ಕೊಟ್ಟು ಸ್ಮೃತಿ ಹೆಚ್ಚಿಸಿಕೊಂಡವರಿಗೆ ಈ ಲೆಕ್ಕ ಅರ್ಥವಾಗುವುದು ಕಷ್ಟವೇ.

ಡಿಸ್ಕಿನದೂ ಇಂಥದೇ ಕಥೆ. ಹಳೆಯ ಬಯಾಸ್ ಡಿಸ್ಕಿನ ವಿಳಾಸವನ್ನು 24 ಬಿಟ್‌ಗಳಲ್ಲಿ ಹೇಳುತ್ತಿತ್ತು: ಸಿಲಿಂಡರಿಗೆ 10, ಹೆಡ್‌ಗೆ 8, ಸೆಕ್ಟರಿಗೆ 6. ಸೆಕ್ಟರುಗಳ ಎಣಿಕೆ ಒಂದರಿಂದ ಶುರುವಾಗುವುದರಿಂದ 64ರ ಬದಲು 63. ನೀವೇ ಗುಣಿಸಿ ನೋಡಿ: 1024, 256, 63, ಅದಕ್ಕೆ ಪ್ರತಿ ಸೆಕ್ಟರಿನ 512 ಬೈಟ್. ಸಿಗುವುದು 8,455,716,864 ಬೈಟ್, ಸುಮಾರು 8.4 ಗಿಗಾಬೈಟ್. ಇಂಥ ಗಣಕಕ್ಕೆ 20 ಗಿಗಾಬೈಟ್‌ನ ಹೊಸ ಡಿಸ್ಕ್ ಹಾಕಿದರೆ ಅದು 8.4 ಎಂದೇ ತೋರಿಸಬಹುದು, ಇಲ್ಲವೇ ಆರಂಭದಲ್ಲೇ ನಿಂತುಬಿಡಬಹುದು. ಬಯಾಸ್ ಅನ್ನು ನವೀಕರಿಸುವುದು ಒಂದು ದಾರಿ. ಆ ಕೆಲಸ ನಡೆಯುತ್ತಿರುವಾಗ ವಿದ್ಯುತ್ ಹೋದರೆ ಮದರ್‌ಬೋರ್ಡ್ ಹೋದಂತೆಯೇ. ನಮ್ಮ ಊರುಗಳಲ್ಲಿ ಈ ಸಾಹಸಕ್ಕೆ ಕೈಹಾಕುವವರು ವಿರಳವಾಗಿದ್ದುದರಲ್ಲಿ ಆಶ್ಚರ್ಯವಿಲ್ಲ.

ಇನ್ನು ಡ್ರೈವರುಗಳು. ಮುದ್ರಕ, ಸ್ಕ್ಯಾನರ್, ಮೋಡೆಮ್, ಧ್ವನಿ ಕಾರ್ಡ್ ಇವುಗಳ ಜೊತೆ ಮಾತಾಡಲು ವ್ಯವಸ್ಥೆಗೆ ಡ್ರೈವರ್ ಎಂಬ ಚಿಕ್ಕ ತಂತ್ರಾಂಶ ಬೇಕು. ವಿಂಡೋಸ್ 95ರ ಕಾಲದಲ್ಲಿ ಬರೆದ ಡ್ರೈವರುಗಳು ಹಳೆಯ ತಿರುಳಿಗೆ ಹೊಂದುವಂಥವು. ಅವನ್ನು ಎನ್‌ಟಿ ತಿರುಳು ಸೇರಿಸುವುದೇ ಇಲ್ಲ. ತಯಾರಕರು ಹೊಸದಾಗಿ ಬರೆದುಕೊಟ್ಟರೆ ಸರಿ. ಮಾರಾಟ ನಿಂತುಹೋದ ಉಪಕರಣಕ್ಕೆ ಅವರೇಕೆ ಬರೆದಾರು? ಪ್ಯಾರಲಲ್ ಪೋರ್ಟಿಗೆ ಜೋಡಿಸುತ್ತಿದ್ದ ಸ್ಕ್ಯಾನರುಗಳು, ಹಳೆಯ ಐಎಸ್‌ಎ ಕಿಂಡಿಯ ಧ್ವನಿ ಕಾರ್ಡುಗಳು, ಅರ್ಧ ಕೆಲಸವನ್ನು ತಂತ್ರಾಂಶದಿಂದಲೇ ಮಾಡಿಸಿಕೊಳ್ಳುತ್ತಿದ್ದ ಅಗ್ಗದ ಆಂತರಿಕ ಮೋಡೆಮ್‌ಗಳು ಹೀಗೆ ಅನಾಥವಾದವು. ಉಪಕರಣ ಕೆಟ್ಟಿರಲಿಲ್ಲ, ಅದರ ಭಾಷೆ ಬಲ್ಲವರು ಇಲ್ಲವಾದರು. ಅನುಸ್ಥಾಪನೆಗೆ ಮೊದಲೇ ಏನೇನು ಹೊಂದುವುದಿಲ್ಲವೆಂದು ಪರೀಕ್ಷಿಸಿ ವರದಿ ಕೊಡುವ ಸೌಲಭ್ಯ ಎಕ್ಸ್‌ಪಿ ಸಿ.ಡಿ.ಯಲ್ಲೇ ಇತ್ತು. ಅದನ್ನು ಓದದೆ ಮುಂದಿನ ಗುಂಡಿ ಒತ್ತಿದವರೇ ಹೆಚ್ಚು.

ವಿಂಡೋಸ್ 98ರ ಮೇಲೆಯೇ ಎಕ್ಸ್‌ಪಿ ಹಾಕಿಕೊಂಡವರಿಗೆ ಹಿಂದಿರುಗುವ ದಾರಿಯೂ ಇತ್ತು. ಹೊಸ ವ್ಯವಸ್ಥೆ ಹಿಡಿಸದಿದ್ದರೆ ಅದನ್ನು ತೆಗೆದುಹಾಕಿ ಹಳೆಯದಕ್ಕೆ ಮರಳಬಹುದಿತ್ತು. ಷರತ್ತೆಂದರೆ, ಡಿಸ್ಕನ್ನು ಎನ್‌ಟಿಎಫ್‌ಎಸ್ ವಿನ್ಯಾಸಕ್ಕೆ ಪರಿವರ್ತಿಸಿರಬಾರದು. ಒಮ್ಮೆ ಪರಿವರ್ತಿಸಿದರೆ ವಿಂಡೋಸ್ 98 ಆ ಡಿಸ್ಕನ್ನು ಓದಲಾರದು. ವಿಂಡೋಸ್ 95 ಇದ್ದವರಿಗೆ ಈ ಅನುಕೂಲವೂ ಇರಲಿಲ್ಲ. ಅವರು ಹೊಸದಾಗಿಯೇ ಅನುಸ್ಥಾಪಿಸಬೇಕಿತ್ತು.

ಈಗ ಕನ್ನಡದ ವಿಷಯಕ್ಕೆ ಬರೋಣ. ಗಣಕದಲ್ಲಿ ಕನ್ನಡ ಎಲ್ಲಿ ನೆಲೆಸಿತ್ತು ಎಂದು ನೀವು ಎಂದಾದರೂ ಯೋಚಿಸಿದ್ದೀರಾ? ಡಾಸ್ ಕಾಲದಲ್ಲಿ ಅದು ಯಂತ್ರಾಂಶದಲ್ಲಿ ನೆಲೆಸಿತ್ತು. ಐಐಟಿ ಕಾನ್ಪುರದಲ್ಲಿ ಮೊಳೆತು ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ತಂತ್ರಜ್ಞಾನದ ಕಾರ್ಡನ್ನು ಗಣಕದೊಳಗೆ ಸಿಕ್ಕಿಸಿದರೆ ಪರದೆಯ ಮೇಲೆ ಭಾರತೀಯ ಲಿಪಿಗಳು ಮೂಡುತ್ತಿದ್ದವು. ಮನೆಗಳಿಗಿಂತ ಕಚೇರಿಗಳಲ್ಲೇ ಅದರ ಬಳಕೆ. ಅದು ಬಳಸುತ್ತಿದ್ದ ಇಸ್ಕಿ ಸಂಕೇತ 1991ರಲ್ಲಿ ಭಾರತೀಯ ಮಾನಕವಾಯಿತು. ಯೂನಿಕೋಡ್‌ನಲ್ಲಿ ನಮ್ಮ ಲಿಪಿಗಳ ಜೋಡಣೆಗೂ ಆಧಾರ ಇಸ್ಕಿಯ 1988ರ ರೂಪವೇ.

ವಿಂಡೋಸ್ ಬಂದ ಮೇಲೆ ಕನ್ನಡ ಕಾರ್ಡಿನಿಂದ ಫಾಂಟಿಗೆ ಇಳಿಯಿತು. ವಿಂಡೋಸ್ 98ಕ್ಕೆ ಕನ್ನಡವೆಂಬ ಲಿಪಿ ಇದೆಯೆಂಬುದೇ ಗೊತ್ತಿರಲಿಲ್ಲ. ಅದಕ್ಕಾಗಿ ನಮ್ಮವರು ಜಾಣ ಉಪಾಯ ಮಾಡಿದರು. ಇಂಗ್ಲಿಷ್ ಮತ್ತು ಐರೋಪ್ಯ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡ ಅಕ್ಷರಗಳ ತುಣುಕುಗಳ ಚಿತ್ರಗಳನ್ನು ಇಟ್ಟ ಫಾಂಟುಗಳು ಬಂದವು. ಶೇಷಾದ್ರಿವಾಸು ಚಂದ್ರಶೇಖರನ್ ಅವರು 1998ರಲ್ಲಿ ಹೊರತಂದ ಬರಹ, ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ನುಡಿ ಮೊದಲಾದ ತಂತ್ರಾಂಶಗಳು ಮನೆಮನೆಗೆ ಕನ್ನಡ ಬೆರಳಚ್ಚನ್ನು ತಲುಪಿಸಿದ್ದು ಹೀಗೆಯೇ. ಈ ಉಪಾಯವಿಲ್ಲದಿದ್ದರೆ ಆ ವರ್ಷಗಳಲ್ಲಿ ಕನ್ನಡದಲ್ಲಿ ಏನನ್ನೂ ಮುದ್ರಿಸಲಾಗುತ್ತಿರಲಿಲ್ಲ ಎಂಬುದನ್ನು ನಾವು ಮರೆಯಬಾರದು.

ನುಡಿಯ ಸಂಕೇತದಲ್ಲಿ ‘ಕನ್ನಡ’ ಎಂಬ ಪದ ಕಡತದಲ್ಲಿ ಹೇಗೆ ಕೂರುತ್ತದೆ ನೋಡಿ. ಇಂಗ್ಲಿಷಿನ ದೊಡ್ಡ ‘ಪಿ’ ಅಕ್ಷರದ ಸಂಖ್ಯೆ 80. ಆ ಸ್ಥಾನದಲ್ಲಿ ತಲೆಕಟ್ಟಿಲ್ಲದ ‘ಕ’ದ ಒಡಲು, 192ನೆಯ ಸ್ಥಾನದಲ್ಲಿ ತಲೆಕಟ್ಟು. ಎರಡೂ ಸೇರಿದರೆ ‘ಕ’. ಹೀಗೆ ‘ಕನ್ನಡ’ಕ್ಕೆ ಒಟ್ಟು ಏಳು ತುಣುಕು, ಏಳು ಬೈಟ್. ‘ಮ’ ಅಕ್ಷರವನ್ನು ‘ವ’ಕ್ಕೆ ಕೊಂಬಿನ ತುಣುಕು ಸೇರಿಸಿ ಮೂಡಿಸಲಾಗುತ್ತಿತ್ತು. ಕಣ್ಣಿಗೆ ಏನೂ ವ್ಯತ್ಯಾಸವಿಲ್ಲ. ಆದರೆ ‘ವ’ವನ್ನು ಹುಡುಕಲು ಹೇಳಿದರೆ ಗಣಕ ‘ಮ’ಗಳನ್ನೂ ತಂದು ನಿಲ್ಲಿಸುತ್ತಿತ್ತು. ಅಕಾರಾದಿಯಾಗಿ ಜೋಡಿಸಲು ಪ್ರತ್ಯೇಕ ತಂತ್ರಾಂಶವೇ ಬೇಕಿತ್ತು. ಏಕೆಂದರೆ ಗಣಕದ ಪಾಲಿಗೆ ಅದು ಕನ್ನಡವಾಗಿರಲಿಲ್ಲ, ವಿಚಿತ್ರ ಐರೋಪ್ಯ ಅಕ್ಷರಗಳ ಸಾಲಾಗಿತ್ತು.

ಎಕ್ಸ್‌ಪಿಯಲ್ಲಿ ಪರಿಸ್ಥಿತಿ ಬದಲಾಯಿತು. ಅದಕ್ಕೂ ಮೊದಲು, 2000ದ ಫೆಬ್ರವರಿಯಲ್ಲಿ ಬಂದ ಕಚೇರಿ ಬಳಕೆಯ ವಿಂಡೋಸ್ 2000ದಲ್ಲಿ ದೇವನಾಗರಿ ಮತ್ತು ತಮಿಳು ಲಿಪಿಗಳಿದ್ದವು. ಎಕ್ಸ್‌ಪಿ ಕನ್ನಡ, ತೆಲುಗು, ಗುಜರಾತಿ, ಗುರುಮುಖಿಗಳನ್ನು ಸೇರಿಸಿಕೊಂಡಿತು. ಅದರ ಕನ್ನಡ ಫಾಂಟಿನ ಹೆಸರು ತುಂಗಾ. ಯೂನಿಕೋಡ್‌ನಲ್ಲಿ 3200ರಿಂದ 3327ರವರೆಗಿನ 128 ಸ್ಥಾನಗಳು ಕನ್ನಡಕ್ಕೆ ಮೀಸಲು. ‘ಕ’ದ ಸಂಖ್ಯೆ 3221, ಬೇರೆ ಯಾವ ಲಿಪಿಯ ಅಕ್ಷರಕ್ಕೂ ಆ ಸಂಖ್ಯೆ ಇಲ್ಲ. ‘ಕನ್ನಡ’ ಎಂಬುದು ಇಲ್ಲಿ ಐದು ಸಂಕೇತ: ಕ, ನ, ವಿರಾಮ ಚಿಹ್ನೆ, ನ, ಡ. ಒತ್ತು ಎಲ್ಲಿ ಕೂರಬೇಕು, ತಲೆಕಟ್ಟು ಎಲ್ಲಿ ಹೋಗಬೇಕು ಎಂಬುದನ್ನು ಯೂನಿಸ್ಕ್ರೈಬ್ ಎಂಬ ವ್ಯವಸ್ಥೆಯ ಭಾಗವೂ ಫಾಂಟೂ ಸೇರಿ ನಿರ್ಧರಿಸುತ್ತವೆ. ಕಡತದಲ್ಲಿ ಉಳಿಯುವುದು ಅಕ್ಷರ, ಆಕಾರವಲ್ಲ.

ಇದು ತಾನಾಗಿಯೇ ಸಿಗುತ್ತಿರಲಿಲ್ಲ ಎನ್ನುವುದು ಬೇರೆ ಮಾತು. ಕಂಟ್ರೋಲ್ ಪ್ಯಾನೆಲ್‌ನ ಭಾಷಾ ವಿಭಾಗಕ್ಕೆ ಹೋಗಿ, ಸಂಕೀರ್ಣ ಲಿಪಿಗಳ ಕಡತಗಳನ್ನು ಸೇರಿಸುವ ಚೌಕಕ್ಕೆ ಗುರುತು ಹಾಕಿ, ಮತ್ತೆ ಎಕ್ಸ್‌ಪಿ ಸಿ.ಡಿ.ಯನ್ನು ಕೊಡಬೇಕಿತ್ತು. ಸಿಗುತ್ತಿದ್ದ ಕೀಲಿಮಣೆ ವಿನ್ಯಾಸವೂ ಇನ್‌ಸ್ಕ್ರಿಪ್ಟ್, ಕೆ.ಪಿ. ರಾವ್ ವಿನ್ಯಾಸಕ್ಕೆ ಕೈ ಒಗ್ಗಿದವರು ನುಡಿ, ಬರಹಗಳನ್ನೇ ಆಶ್ರಯಿಸಬೇಕಾಯಿತು. ಆದರೂ ಕಡತಕ್ಕೆ ಕನ್ನಡದಲ್ಲೇ ಹೆಸರಿಡುವುದು ಸಾಧ್ಯವಾಯಿತು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವನ್ನು ವಿಂಡೋಸ್ 98ರ ಗಣಕದಲ್ಲಿ ತೆರೆದವರಿಗೆ ಸಾಮಾನ್ಯವಾಗಿ ಕಾಣುತ್ತಿದ್ದದ್ದು ಖಾಲಿ ಚೌಕಗಳ ಸಾಲು. ಎಕ್ಸ್‌ಪಿಯಲ್ಲಿ ಕನ್ನಡ ಕಂಡಿತು.

ಆದರೆ ಹಳೆಯ ಕಡತಗಳ ಗತಿ? ಹೊಸ ವ್ಯವಸ್ಥೆ ಹಾಕುವ ಭರದಲ್ಲಿ ಸಿ ಡ್ರೈವನ್ನು ಫಾರ್ಮ್ಯಾಟ್ ಮಾಡುವುದು ರೂಢಿಯಾಗಿತ್ತು. ವಿಂಡೋಸ್ 98ರಲ್ಲಿ ಮೈ ಡಾಕ್ಯುಮೆಂಟ್ಸ್ ಇದ್ದದ್ದೂ ಆ ಡ್ರೈವಿನಲ್ಲೇ, ಫಾಂಟುಗಳಿದ್ದದ್ದೂ ಅಲ್ಲಿಯೇ. ಕಡತಗಳನ್ನು ಫ್ಲಾಪಿಗೋ ಸಿ.ಡಿ.ಗೋ ನಕಲು ಮಾಡಿಕೊಂಡವರು ಕೂಡ ಫಾಂಟುಗಳನ್ನು ಮರೆಯುತ್ತಿದ್ದರು. ಫಾಂಟ್ ಇಲ್ಲದೆ ತೆರೆದಾಗ ಕಥೆ, ಕವನ, ಲಗ್ನಪತ್ರಿಕೆ, ಸಂಘದ ಲೆಕ್ಕಪತ್ರ ಎಲ್ಲವೂ ಅರ್ಥವಿಲ್ಲದ ಅಕ್ಷರಗಳ ರಾಶಿ. ಕಡತ ಕೆಟ್ಟಿದೆಯೆಂದು ಅಳಿಸಿದವರೂ ಇರಬಹುದು. ಅದು ಕೆಟ್ಟಿರಲಿಲ್ಲ, ಓದುವ ಕೀಲಿ ಕಳೆದಿತ್ತು ಅಷ್ಟೆ. ನನ್ನ ದೃಷ್ಟಿಯಲ್ಲಿ ಇಲ್ಲೊಂದು ವಿಪರ್ಯಾಸವಿದೆ. ಫಾಂಟ್ ಕಾಲದ ಕಡತಕ್ಕಿಂತ ಅದಕ್ಕೂ ಹಳೆಯ ಇಸ್ಕಿ ಕಡತವನ್ನು ಯೂನಿಕೋಡ್‌ಗೆ ತರುವುದು ಸುಲಭ, ಏಕೆಂದರೆ ಇಸ್ಕಿಯಲ್ಲೂ ಇದ್ದದ್ದು ಅಕ್ಷರವೇ ಹೊರತು ತುಣುಕಲ್ಲ.

ವಿಂಡೋಸ್ 98ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಬೆಂಬಲ 2006ರ ಜುಲೈ 11ರಂದು, ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. 2021ರಲ್ಲಿ ಬಂದ ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ಚಿಪ್ಪನ್ನೂ ಹೊಸ ಪೀಳಿಗೆಯ ಸಂಸ್ಕಾರಕವನ್ನೂ ಕೇಳುವುದರಿಂದ, ಚೆನ್ನಾಗಿ ನಡೆಯುತ್ತಿರುವ ಎಷ್ಟೋ ಗಣಕಗಳು ಮತ್ತೊಮ್ಮೆ ಹೊಸ್ತಿಲಲ್ಲೇ ಉಳಿದಿವೆ. ನಿಮ್ಮದೂ ಅಂಥದಾದರೆ, ಗಣಕ ಬದಲಿಸುವ ಮೊದಲು ಒಂದು ಪರೀಕ್ಷೆ ಮಾಡಿ. ಹಳೆಯ ಕನ್ನಡ ಕಡತವೊಂದನ್ನು ತೆರೆದು ಒಂದು ವಾಕ್ಯವನ್ನು ನಕಲಿಸಿ ನೋಟ್‌ಪ್ಯಾಡ್‌ಗೆ ಅಂಟಿಸಿ. ಅದು ಕನ್ನಡವಾಗಿಯೇ ಉಳಿದರೆ ಯೂನಿಕೋಡ್‌ನಲ್ಲಿದೆ, ಎಲ್ಲಿಗೆ ಬೇಕಾದರೂ ಒಯ್ಯಬಹುದು. ಐರೋಪ್ಯ ಅಕ್ಷರಗಳ ಕಲಸುಮೇಲೋಗರವಾದರೆ ಅದು ಫಾಂಟ್ ಕಾಲದ್ದು. ಪರಿವರ್ತಕ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ. ಆದರೆ ಪರಿವರ್ತಿಸುವಾಗ ಮೂಲ ಕಡತವನ್ನೂ ಅದರ ಫಾಂಟನ್ನೂ ಜೊತೆಗೇ ಇಟ್ಟುಕೊಳ್ಳಿ. ಕನ್ನಡದ ನಡುವೆ ಇಂಗ್ಲಿಷ್ ಪದಗಳಿದ್ದರೆ, ಸಂಖ್ಯೆ 80 ಇಂಗ್ಲಿಷಿನ ‘ಪಿ’ಯೋ ಕನ್ನಡದ ‘ಕ’ದ ಒಡಲೋ ಎಂದು ಹೇಳಬಲ್ಲದ್ದು ಮೂಲ ಕಡತದಲ್ಲಿ ದಾಖಲಾದ ಫಾಂಟಿನ ಹೆಸರು ಮಾತ್ರ.