ನಾಲ್ಕಾಣೆಯ ಜಗಳದಿಂದ ಮಳೆಮಾಪನದವರೆಗೆ

1918ರಲ್ಲಿ ಗುಜರಾತಿನ ಖೇಡಾ ಜಿಲ್ಲೆಯ ರೈತರು ಕಂದಾಯ ಕಟ್ಟುವುದಿಲ್ಲವೆಂದು ಪಟ್ಟುಹಿಡಿದಾಗ ಜಗಳವಿದ್ದದ್ದು ನಾಲ್ಕಾಣೆಯ ಮೇಲೆ. ಬೆಳೆ ನಾಲ್ಕಾಣೆಯೋ, ಅಂದರೆ ತುಂಬು ಫಸಲಿನ ಕಾಲು ಭಾಗವೋ, ಅದಕ್ಕಿಂತ ಕಡಿಮೆಯೋ ಬಂದರೆ ಆ ವರ್ಷದ ವಸೂಲಿಯನ್ನು ಪೂರ್ತಿ ಮುಂದೂಡಬೇಕೆಂದು ನಿಯಮವಿತ್ತು. ನಾಲ್ಕಾಣೆಯೂ ಬಂದಿಲ್ಲ ಎಂದರು ರೈತರು, ಅವರ ಬೆನ್ನಿಗೆ ನಿಂತ ಗಾಂಧೀಜಿ. ಹೆಚ್ಚೇ ಬಂದಿದೆ ಎಂದರು ಅಧಿಕಾರಿಗಳು.

ಖೇಡಾದಂತೆಯೇ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ವಿಜಾಪುರ, ಧಾರವಾಡದ ಕಡೆಗೂ ಬೆಳೆಯನ್ನು ಆಣೆಯಲ್ಲಿ ಅಳೆಯುವ ಈ ಆಣೆವಾರಿ ಹೊಸದೇನಲ್ಲ. ಹದಿನಾರಾಣೆ ಎಂದರೆ ತುಂಬು ಫಸಲು. ಕಂದಾಯದವರು ಹೊಲದ ಬದುವಿನಲ್ಲಿ ನಿಂತು, ಜೋಳದ ತೆನೆ ಎಷ್ಟು ಕಟ್ಟಿದೆಯೆಂದು ಕಣ್ಣಂದಾಜಿನಲ್ಲೇ ಆಣೆ ಬರೆದುಕೊಳ್ಳುತ್ತಿದ್ದರು.

ಆದರೆ ಅದು ಬೆಳೆ ಕೈಬಿಟ್ಟ ಮೇಲಿನ ಲೆಕ್ಕ. ತಡವಾದರೆ ಏನಾಗುತ್ತದೆಂದು ಮೈಸೂರು ಸಂಸ್ಥಾನ 1876–78ರ ಧಾತು-ಈಶ್ವರ ಸಂವತ್ಸರಗಳ ಬರದಲ್ಲೇ ಕಂಡಿತ್ತು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೂ ಕೆಳಗಿಳಿಯಿತು. ಆ ಬರದ ನಂತರ ಬ್ರಿಟಿಷರು ರೂಪಿಸಿದ ಕ್ಷಾಮ ಸಂಹಿತೆಗಳು ಧಾನ್ಯದ ಬೆಲೆ ಏರುವುದು, ಜನ ಗುಳೆ ಹೊರಡುವುದು ಮೊದಲಾದವನ್ನು ಮುನ್ಸೂಚನೆಗಳೆಂದು ಗುರುತಿಸಿದವು.

ಆದರೆ ಇವೂ ಬೆಳೆ ಹೋದ ಮೇಲೆ ಕಾಣುವ ಲಕ್ಷಣಗಳೇ. ಮುಗಿಲನ್ನೇ ದಿನವೂ ಅಳೆಯುವ ಕೆಲಸಕ್ಕೆಂದು ಕರ್ನಾಟಕ 1988ರಲ್ಲಿ ಬರ ನಿಗಾ ಘಟಕ ತೆರೆಯಿತು. ಅದೇ ಇಂದಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ.

ಹಳೆಯ ಮಳೆಮಾಪಕವೆಂದರೆ ಆಲಿಕೆ ಮತ್ತು ಬಾಟಲಿ. ಬೆಳಿಗ್ಗೆ ಎಂಟೂವರೆಗೆ ಒಬ್ಬರು ಬಂದು ನೀರನ್ನು ಅಳತೆಗಾಜಿಗೆ ಸುರಿದು ನೋಡಬೇಕು. ಮಳೆ ಒಂದೇ ಗಂಟೆ ಧೋ ಎಂದು ಸುರಿದಿತ್ತೋ, ಇಡೀ ರಾತ್ರಿ ಜಿನುಗಿತ್ತೋ, ಆ ಗಾಜು ಹೇಳುವುದಿಲ್ಲ. ಗ್ರಾಮ ಪಂಚಾಯಿತಿಗಳಲ್ಲಿರುವ ಈಗಿನ ಸ್ವಯಂಚಾಲಿತ ಮಾಪಕಗಳು 15 ನಿಮಿಷಕ್ಕೊಮ್ಮೆ ಲೆಕ್ಕ ಒಪ್ಪಿಸುತ್ತವೆ. ಒಂದೇ ಸಂಜೆಗೆ ತಿಂಗಳ ಮಳೆ ಬಿದ್ದು, ಮುಂದೆ ವಾರಗಟ್ಟಲೆ ಹನಿಯಿಲ್ಲದೆ ಹೋಗುವುದು ಹೆಚ್ಚುತ್ತಿರುವ ಕಾಲದಲ್ಲಿ ತಿಂಗಳ ಒಟ್ಟು ಮೊತ್ತವನ್ನು ನಂಬಿ ಕೂರುವಂತಿಲ್ಲ.

ಕೇಂದ್ರ ಸರ್ಕಾರದ 2016ರ ಬರ ಕೈಪಿಡಿಯೂ ಇದೇ ಜಾಡಿನದು. ಮಳೆ ಕೊರತೆಯ ಜೊತೆಗೆ ಸತತ ಮೂರು-ನಾಲ್ಕು ವಾರಗಳ ಒಣಹವೆ, ಮಣ್ಣಿನ ತೇವ, ಬಿತ್ತನೆಯಾದ ಪ್ರದೇಶ, ಉಪಗ್ರಹ ಕಂಡ ಹಸಿರು ಇವೆಲ್ಲ ಮಾನದಂಡಗಳಾದವು. ಇವುಗಳ ಆಧಾರದ ಮೇಲೆಯೇ 2023ರಲ್ಲಿ ಕರ್ನಾಟಕದ 236 ತಾಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಘೋಷಿಸಲಾಯಿತು. ಹಾಗೆಂದು ಹೊಲಕ್ಕೆ ಹೋಗುವುದೇನೂ ತಪ್ಪಿಲ್ಲ: ಕೈಪಿಡಿಯ ಪ್ರಕಾರ ತಾಲೂಕಿನ ನೂರಕ್ಕೆ ಹತ್ತು ಹಳ್ಳಿಗಳಲ್ಲಿ ಅಧಿಕಾರಿಗಳೇ ಬೆಳೆ ನೋಡಿ ಬರಬೇಕು. ಮೂರನೇ ಒಂದು ಭಾಗ ಹಾಳಾಗಿದ್ದರೆ ಸಾಧಾರಣ ಬರ, ಅರ್ಧಕ್ಕಿಂತ ಹೆಚ್ಚು ಹೋಗಿದ್ದರೆ ತೀವ್ರ ಬರ.