ಪಟ್ಟದ ಗೊಂಬೆಯೂ ಸೆಟ್ಟಿಯ ಅಂಗಡಿಯೂ

ಶರದೃತುವಿನ ನವರಾತ್ರಿ ಬಂದಿತೆಂದರೆ ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ ಅಟ್ಟದ ಪೆಟ್ಟಿಗೆಗಳು ಕೆಳಗಿಳಿಯುತ್ತವೆ. ಹಳೆಯ ಬಟ್ಟೆಯಲ್ಲಿ ಸುತ್ತಿಟ್ಟ ಗೊಂಬೆಗಳು ಬೆಸಸಂಖ್ಯೆಯ ಮೆಟ್ಟಿಲುಗಳನ್ನೇರುತ್ತವೆ.

ಈ ಉತ್ಸವಕ್ಕೆ ಅರಮನೆಯ ನಂಟುಂಟು. ವಿಜಯನಗರದ ಮಹಾನವಮಿಯ ವೈಭವವನ್ನು ಪೋರ್ಚುಗೀಸ್ ಪ್ರವಾಸಿ ಪಾಯೆಸನು ಸುಮಾರು 1520ರಲ್ಲಿ ಕಂಡು ಬರೆದಿಟ್ಟನು. ಆ ಪರಂಪರೆಯನ್ನು ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಮುಂದುವರಿಸಿದರು. ಮೈಸೂರಿನ ಅರಮನೆಯಲ್ಲಿ ‘ಗೊಂಬೆ ತೊಟ್ಟಿ’ಯೇ ಇದೆ. ಅಲ್ಲಿ ಅರಸರ ದರ್ಬಾರು ನಡೆದರೆ, ಮನೆಗಳಲ್ಲಿ ಪಟ್ಟದ ಗೊಂಬೆಗಳ ದರ್ಬಾರು. ಮರದ ಈ ರಾಜ-ರಾಣಿಯರನ್ನು ತೌರಿನವರು ಮದುವೆಯಲ್ಲಿ ಮಗಳಿಗೆ ಕೊಡುವುದು ವಾಡಿಕೆ.

ಆದರೆ ಮೆಟ್ಟಿಲ ಮೇಲೆ ಏನಿಡಬೇಕೆಂಬಲ್ಲಿ ಮನೆಮನೆಗೂ ಭಿನ್ನಮತ. ಕಳಶ, ದೇವತೆಗಳು, ಪಟ್ಟದ ಗೊಂಬೆ, ಇವಿಷ್ಟೇ ಸಾಕೆಂಬುದು ನಮ್ಮ ತಾಯಿಯವರ ಪಟ್ಟು. ಚನ್ನಪಟ್ಟಣದ ಬಸ್ಸು, ರೈಲು, ಕ್ರಿಕೆಟ್ ಆಟಗಾರರೂ ಇರಲೆಂಬುದು ನನ್ನ ಮಗಳ ಹಟ. ಒಂದು ವರ್ಷ ಇಬ್ಬರೂ ಮುನಿಸಿಕೊಂಡು ಪೆಟ್ಟಿಗೆ ಅಟ್ಟದಲ್ಲಿಯೇ ಉಳಿಯಿತು; ಹಬ್ಬ ಬಂದುಹೋದುದೇ ತಿಳಿಯಲಿಲ್ಲ.

ಮರುವರ್ಷ ನಾನು ಕೆಳಮೆಟ್ಟಿಲಿನ ಸೆಟ್ಟಿ ದಂಪತಿಗಳನ್ನು ತೋರಿಸಿದೆ. ಅವರ ಮುಂದೆ ಅಕ್ಕಿ, ಬೇಳೆಗಳ ಅಂಗಡಿ ಹೂಡುವವರು ನಮ್ಮ ತಾಯಿಯವರೇ! ಅದು ಅಂದಿನ ಪೇಟೆಬೀದಿಯಾದರೆ, ಬಸ್ಸು ಇಂದಿನ ಬೀದಿ. ತಾಯಿಯವರು ನಕ್ಕು, ಬಸ್ಸನ್ನು ತಾವೇ ಅಂಗಡಿಯ ಮುಂದೆ ನಿಲ್ಲಿಸಿದರು. ಅವರು ತೌರಿನಿಂದ ತಂದ ರಾಜ-ರಾಣಿಯರು ಮಾತ್ರ ಮೇಲ್ಮೆಟ್ಟಿಲಿನಲ್ಲಿಯೇ ಇದ್ದಾರೆ. ಆ ಜೋಡಿಗೆ ಹೊಸ ಬಟ್ಟೆ ಉಡಿಸುವವಳು ಈಗ ನನ್ನ ಮಗಳು.